ಕರಡು ಓದುವ ದನಿ

ನಿಮ್ಮ ತಾತ ವಿಜಯನಗರದ ಈ ಮನೆಯ ಮುಂದಿನ ಕೋಣೆಯಲ್ಲಿ ಮದುವೆ ಕಾಗದ ಟೈಪು ಮಾಡಿಕೊಡುತ್ತಿದ್ದರು. ಅವರು ಹೋದ ಮೇಲೆ ಅಂಗಡಿ ಇಲ್ಲ, ಕಂಪ್ಯೂಟರ್ ಉಳಿದಿದೆ. ಮೊಮ್ಮಕ್ಕಳಾದ ನಿಮಗೆ ನಾನು ಇದನ್ನೆಲ್ಲ ಬರೆಯುತ್ತಿರುವುದು ಅದರಲ್ಲೇ. ಈಚೆಗೆ ಅದು ಶುರುವಾಗುವಷ್ಟರಲ್ಲಿ ಒಲೆ ಮೇಲಿಟ್ಟ ಅನ್ನ ಆಗಿಬಿಡುತ್ತಿತ್ತು.

ನಿಮ್ಮಲ್ಲಿ ದೊಡ್ಡವಳು ಒಂದು ಭಾನುವಾರ ಕೆಂಗೇರಿಯಿಂದ ಮೆಟ್ರೋ ಹತ್ತಿ ಬಂದಳು. ಬ್ಯಾಗಿನಿಂದ ಇಸ್ಪೀಟು ಕಟ್ಟಿಗಿಂತ ತೆಳ್ಳಗಿನ ಹೊಸ ಡಿಸ್ಕು ತೆಗೆದು, ಇದನ್ನು ಒಳಗೆ ಕೂರಿಸಿದರೆ ಆ ಕಾಟ ತಪ್ಪುತ್ತದೆ ಅಂದಳು. ಹಳೆಯದನ್ನು ಪೂರ್ತಿ ಅಳಿಸಿ ಖಾಲಿ ಜಾಗವಾಗಿ ಇಟ್ಟುಕೊಳ್ಳಬಹುದಂತೆ. ಅದರಲ್ಲಿ ಏನಿದೆ ಅಂತ ಕೇಳಿದಳು. ಹಳೇ ಮದುವೆ ಕಾಗದಗಳು ಅಂದೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿವರೆಗೆ. ಆದರೆ ನಮ್ಮ ಮೇಷ್ಟರು ಒಂದು ದೀರ್ಘ ತಪ್ಪಿದರೂ ಬಿಡುತ್ತಿರಲಿಲ್ಲ. ಅದಕ್ಕೇ ಕರಡು ತಿದ್ದುವ ಕೆಲಸ ನನ್ನದಾಯಿತು. ಗಿರಾಕಿ ಬರೆದುಕೊಟ್ಟ ಚೀಟಿಯನ್ನು ಒಬ್ಬರು ಓದಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಬೆರಳಿಟ್ಟು ನೋಡುತ್ತಾ ಹೋಗಬೇಕು. ಗಿರಾಕಿಗಳ ಎದುರು ಕೂರಲು ನನಗೆ ನಾಚಿಕೆ. ತಾತ ಬಲವಂತ ಮಾಡಲಿಲ್ಲ. ಚೀಟಿಯನ್ನು ಮೈಕಿನಲ್ಲಿ ಓದಿ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಬಿಡುತ್ತಿದ್ದರು. ಮಧ್ಯಾಹ್ನ ಅವರು ಉಂಡು ಒರಗಿದಾಗ ನಾನು ಒಬ್ಬಳೇ ಕೂತು ಕೇಳಿ ತಿದ್ದುತ್ತಿದ್ದೆ.

ಅವರು ಹೋದ ಮೇಲೂ ಬಾಗಿಲು ಹಾಕಿಕೊಂಡು ಕೇಳುತ್ತಿದ್ದೆ. ಯಾರದೋ ಮದುವೆ ಕಾಗದ ಕೇಳುತ್ತಾ ಕೂರುವ ಮುದುಕಿ ಅಂತ ನೀವು ನಗಾಡುತ್ತೀರೆಂದು ಯಾರಿಗೂ ಹೇಳಿರಲಿಲ್ಲ.

ದೊಡ್ಡವಳು ಪ್ಲಗ್ ಕಿತ್ತು, ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದಳು. ಒಳಗೆ ಕುಂಕುಮ, ಒಣಗಿದ ಸೇವಂತಿಗೆ ಎಸಳು, ಫ್ಯಾನಿನ ಸುತ್ತ ಅಕ್ಷತೆ ಕಾಳು. ಪ್ರತಿ ಆಯುಧಪೂಜೆಗೆ ನಾನೇ ಹಾಕಿದ್ದು, ತೂತುಗಳಿಂದ ಒಳಗೆ ಇಳಿದಿತ್ತು.

"ಅಜ್ಜಿ, ಇದು ಕಂಪ್ಯೂಟರಾ, ಹಸೆಮಣೆಯಾ?" ಅಂದಳು.

ಬಣ್ಣದ ಬ್ರಶ್ಶಿನಿಂದ ಎಲ್ಲ ಗುಡಿಸಿದಳು. ನಾನು ಅದನ್ನು ಕಾಗದದಲ್ಲಿ ತೆಗೆದುಕೊಂಡು ತುಳಸಿ ಬುಡಕ್ಕೆ ಹಾಕಿ ಬಂದೆ. ಅಷ್ಟರಲ್ಲಿ ನಾಲ್ಕು ಸ್ಕ್ರೂ ಬಿಗಿದು, ಕರೆಂಟಿಗೊಂದು, ಮಾಹಿತಿ ಹರಿಯುವುದಕ್ಕೊಂದು, ಎರಡು ಕೇಬಲ್ ಸಿಕ್ಕಿಸಿದ್ದಳು. ಪೆನ್‌ಡ್ರೈವಿನಿಂದ ಹೊಸ ಡಿಸ್ಕಿಗೆ ಬೇಕಾದ್ದೆಲ್ಲ ತುಂಬುವಷ್ಟರಲ್ಲಿ ಎರಡು ಲೋಟ ಕಾಫಿ ಆಯಿತು. ಆಮೇಲೆ ಪರದೆ ಮೇಲೆ ಎರಡು ಡಿಸ್ಕೂ ಕಾಣಿಸಿದವು. ಹಳೆಯದನ್ನು ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದಳು.

ನಾನು ಸುಮ್ಮನಿದ್ದರೆ ಒಪ್ಪಿದೆ ಅಂತಲೇ ಈ ಮನೆಯಲ್ಲಿ ಎಲ್ಲರೂ ತಿಳಿಯುವುದು. ಅವಳೂ ಹಾಗೇ ತಿಳಿದು ಪರದೆಯ ಬಾಣವನ್ನು ಹಳೇ ಡಿಸ್ಕಿನ ಗುರುತಿನ ಮೇಲೆ ತಂದಳು. ಮೌಸಿನ ಮೇಲಿದ್ದ ಅವಳ ಕೈಯನ್ನು ಹಿಡಿದುಕೊಂಡೆ.

"ಬೇಡ ಕಣೇ. ಅದರಲ್ಲಿ ನಿಮ್ಮ ತಾತನ ದನಿ ಇದೆ."

ಅವಳು ನಗಲಿಲ್ಲ. ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಕೈ ಎಳೆದುಕೊಂಡಳು. ನಾನು ಎಲ್ಲ ಹೇಳಿದೆ. ಹಾಗಾದರೆ ಹಳೇ ಡಿಸ್ಕು ಹಾಗೇ ಇರಲಿ, ಹೊಸದರಲ್ಲೂ ಒಂದೊಂದು ಪ್ರತಿ ಇಡೋಣ ಅಂದಳು. ಪ್ರತಿ ಆಗುತ್ತಿದ್ದಂತೆ, ಒಂದನ್ನು ಕೇಳಲಾ ಅಂತ ನನ್ನ ಅನುಮತಿ ಕೇಳಿದಳು. ತಲೆ ಆಡಿಸಿದೆ.

ತಾತ ನಿಧಾನಕ್ಕೆ ಓದುತ್ತಾ ಬಂದರು. ವಧೂವರರು, ಮುಹೂರ್ತ, ಕಲ್ಯಾಣ ಮಂಟಪದ ವಿಳಾಸ. ನನ್ನ ಬೆರಳು ಬರೀ ಮೇಜಿನ ಮೇಲೆ ಸಾಲು ಹಿಡಿದು ಸರಿಯುತ್ತಿತ್ತು. ಕೊನೆಗೆ ಒಮ್ಮೆ ಕೆಮ್ಮಿ, ದನಿ ತಗ್ಗಿಸಿ ಅಂದರು: "ಸೋದರಮಾವನ ಹೆಸರು ಬಿಟ್ಟುಹೋಗಿದೆ ಅನ್ಸುತ್ತೆ. ನೋಡೇ ಸ್ವಲ್ಪ."

ಅವಳು ನನ್ನ ಮುಖ ನೋಡಿದಳು. "ಅಜ್ಜಿ, ತಾತ ಕೇಳ್ತಿದಾರೆ. ಹೇಳು."

ಇದಕ್ಕೆ ನಾನು ಎಷ್ಟೋ ಮಧ್ಯಾಹ್ನ ಉತ್ತರ ಕೊಟ್ಟಿದ್ದೇನೆ, ಬಾಗಿಲು ಹಾಕಿಕೊಂಡು. ಅವತ್ತು ಬೀದಿ ಬಾಗಿಲು ತೆರೆದೇ ಇತ್ತು.

"ಬಿಟ್ಟಿಲ್ಲ ಕಣ್ರೀ, ಕೆಳಗಿನ ಸಾಲಲ್ಲಿದೆ," ಅಂದೆ.