ಪೊಟ್ಟಣದ ಮೇಲಿನ ಹೂವಪ್ಪ

ಹೂವಪ್ಪ ಮೊದಲ ಸಲ ನಮ್ಮ ತೋಟ ನೋಡಲು ಬಂದ ದಿನ ನಾನು ಅಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದೆ. ಮಗ ಧರ್ಮೇಶ ಓಡಿ ಬಂದ.

"ಅಮ್ಮಾ, ಹುಲ್ಲಿಗೆ ಹೊಡೆಯೋ ಮದ್ದಿನ ಕ್ಯಾನು ಅಡಗಿಸು. ಬೇಗಾರಿನ ಹೂವಪ್ಪ ಬರ್ತಿದಾರೆ, ಪಕ್ಕದ ತೋಟದ ತಿಮ್ಮಣ್ಣನ ಅಣ್ಣ. ಕಂಪನಿ ಕಡೆಯಿಂದ ತೋಟ ನೋಡ್ಲಿಕ್ಕೆ."

ದೊಡ್ಡ ಊರುಗಳಿಗೆ ಮೆಣಸು ಕಳಿಸುವ ಆ ಕಂಪನಿ ಮೆಣಸೆ, ಬೇಗಾರು ಎರಡೂ ಊರಿನ ನಮ್ಮ ಬೆಳೆಗಾರರ ಗುಂಪಿನಿಂದ ಪೇಟೆಗಿಂತ ಹೆಚ್ಚು ರೇಟಿಗೆ ಕೊಳ್ಳುತ್ತಿತ್ತು. ಮಣ್ಣು, ನೀರು ಕೆಡಬಾರದು, ಮದ್ದು ಹೊಡೆಯಬಾರದು ಅಂತ ಕರಾರು. ಒಬ್ಬ ಹೊಡೆದು ಮುಚ್ಚಿಟ್ಟರೂ ಇಡೀ ಗುಂಪಿನ ಮೆಣಸು ಬೇಡ. ಯಾರೂ ಹೊಡೆಯದ ಹಾಗೆ ಕಾಯುವ ಕೆಲಸವನ್ನೂ ನಮ್ಮವನೇ ಆದ ಹೂವಪ್ಪನ ತಲೆಗೆ ಕಟ್ಟಿದ್ದರು.

ಹೂವಪ್ಪ ಬಂದವನೇ ಸೀದಾ ಕೊಟ್ಟಿಗೆಗೆ ಹೋಗಿ ಹಿಂಡಿ ಚೀಲದ ಹಿಂದಿನಿಂದ ಕ್ಯಾನು ಎಳೆದ.

"ಸುಲೋಚನಕ್ಕ, ಎಮ್ಮೆಗೆ ಇದನ್ನೇ ಕುಡಿಸ್ತೀರಾ ಎಂತ?"

ನನಗೆ ನಗು ತಡೆಯಲಿಲ್ಲ. ಕ್ಯಾನಿನ ಸೀಲು ಒಡೆದಿರಲಿಲ್ಲ, ಬಿಟ್ಟ. "ಹೊಳೆಗೆ ಇಳಿಯೋದು ನಮ್ಮ ತೋಟದ ನೀರೇ ಅಲ್ವಾ ಅಕ್ಕ" ಅಂದ. ಅದನ್ನು ಅವನು ನಿಜವಾಗಿ ನಂಬಿದ್ದ. ಕಂಪನಿಯವರು ಅವನಿಗೆ ಯಾವತ್ತೂ ಹಾಕದ ಅಡಿಕೆ ಹಾಳೆಯ ಟೊಪ್ಪಿ ಹಾಕಿಸಿ, ಫೋಟೋ ತೆಗೆದು, ಮೆಣಸಿನ ಪೊಟ್ಟಣದ ಮೇಲೆ ಅಚ್ಚು ಮಾಡಿಸಿದರು.

ಮರುವರ್ಷ ತಿಮ್ಮಣ್ಣನಿಗೆ ಕಳೆ ಸವರಲು ಆಳು ಸಿಗಲಿಲ್ಲ. ಮದ್ದು ಹೊಡೆದೇಬಿಟ್ಟ. ಬಳ್ಳಿ ಬುಡದ ಹುಲ್ಲೆಲ್ಲ ಸುಟ್ಟ ಹಾಗೆ ಹಳದಿ. ಮುಚ್ಚಿಟ್ಟರೆ ಎಲ್ಲರ ಮೆಣಸೂ ಹೋಗುತ್ತದೆಂದು ಹೂವಪ್ಪ ಕಂಪನಿಗೆ ಒಡಹುಟ್ಟಿದವನ ಹೆಸರನ್ನೇ ಹೇಳಿ ಬಂದ. ತಿಮ್ಮಣ್ಣನನ್ನು ಗುಂಪಿನಿಂದ ತೆಗೆದರು.

ನಮ್ಮ ಮನೆಯವರು ತೀರಿಕೊಂಡ ವರ್ಷ ಮೈಮುರಿದು ನಮ್ಮ ಮೆಣಸು ಕೊಯ್ದುಕೊಟ್ಟವನು ಈ ತಿಮ್ಮಣ್ಣ. ಅಂಥವನು ಬೇಲಿ ಹತ್ತಿರ ನಿಂತು ಅಣ್ಣನಿಗೆ ಕೂಗಿದ್ದು ಇನ್ನೂ ಕಿವಿಯಲ್ಲಿದೆ.

"ನಾಳೆ ನೀ ಸತ್ರೆ ಕಂಪನಿ ಬಂದು ಹೆಗಲು ಕೊಡ್ತದೇನೋ?"

"ನಾನೆಂತ ಮಾಡ್ಲಿ ಮಾರಾಯ, ಊರಿನವರ ಮೆಣಸು..."

"ಹಂಗಾದ್ರೆ ಊರಿನವರನ್ನೇ ಕರ್ಕೋ!"

ಆ ಊರಿನವರು ಹೂವಪ್ಪನ ಬೈಕು ಕಂಡರೆ "ಪೊಲೀಸಪ್ಪ ಬಂದ" ಅಂತ ಬಾಗಿಲು ಹಾಕುತ್ತಿದ್ದರು. ಆಮೇಲೆ ಕಂಪನಿಗೆ ಬೇರೆಲ್ಲೋ ಅಗ್ಗದ ಮೆಣಸು ಸಿಕ್ಕಿತು, ಇತ್ತ ತಲೆಹಾಕಲಿಲ್ಲ. ಹೂವಪ್ಪ ಫೋನು ಮಾಡಿದರೆ ಎತ್ತುವವರಿಲ್ಲ. ಈಗ ಎಲ್ಲರೂ ಮದ್ದು ಹೊಡೆಯುತ್ತಾರೆ, ಅವನ ತೋಟ ಒಂದು ಬಿಟ್ಟು. ಧರ್ಮೇಶ ಮೊಬೈಲಿನಲ್ಲಿ ಆ ಪೊಟ್ಟಣ ತೋರಿಸಿದ. ಒಳಗಿನ ಮೆಣಸು ಯಾರದೋ, ಮೇಲೆ ಟೊಪ್ಪಿ ಹಾಕಿಕೊಂಡು ನಗುವವನು ನಮ್ಮ ಹೂವಪ್ಪ.

ಹೋದ ಮಳೆಗಾಲದಲ್ಲಿ ಅವನು ಹಾಸಿಗೆ ಹಿಡಿದ. ನೋಡಲು ಹೋದೆ. ಮೈಯಲ್ಲಿ ಏನೂ ಉಳಿದಿರಲಿಲ್ಲ. ಏನಾದರೂ ಬೇಕಾ ಅಂತ ಕೇಳಿದೆ. ನನ್ನ ಕೈ ಹಿಡಿದ.

"ತಿಮ್ಮ ನಿಮ್ಮ ಮಾತು ತೆಗೆದುಹಾಕೋದಿಲ್ಲ ಅಕ್ಕ. ಹೆಗಲು ಕೊಡ್ಲಿಕ್ಕೆ ಬರ್ತಾನಾ, ಒಂದು ಮಾತು ಕೇಳಿ ಬರ್ತೀರಾ?"