ಮೂಗು ಮೇಲೆತ್ತಿ ಹಾರುವ ವಿಮಾನ

ನಿನ್ನೆ ಸಂಜೆ ಆಫೀಸಿನಿಂದ ಬಂದು ಬಾಗಿಲು ತೆರೆದಾಗ ಕೋಣೆಯಲ್ಲಿ ಏನೋ ಬದಲಾಗಿದೆ ಅನ್ನಿಸಿತು. ಚಪ್ಪಲಿ ಬಿಡುವಷ್ಟರಲ್ಲಿ ಗೊತ್ತಾಯಿತು. ಕಿಟಕಿಯ ಬಳಿ ತೂಗುವ ನನ್ನ ಮರದ ವಿಮಾನ ನೆಟ್ಟಗಾಗಿತ್ತು. ಮುಂಬಯಿಯ ಪವಾಯಿಯಲ್ಲಿರುವ ಈ ಬಾಡಿಗೆ ಫ್ಲ್ಯಾಟಿಗೆ ಬಂದಂದಿನಿಂದ ಅದು ಮೂಗನ್ನು ತುಸು ಮೇಲೆತ್ತಿ, ಬಾಲ ತಗ್ಗಿಸಿ, ಮದುವೆಮನೆಯ ಊಟ ಮನಸ್ಸಿಗೆ ಬಾರದ ಬೀಗರ ಹಾಗೆ ತೂಗುತ್ತಿತ್ತು. ಈಗ ಮುಂದಿನ ದಾರವನ್ನು ಸಡಿಲಿಸಿ ಯಾರೋ ಅದನ್ನು ಸಮ ಮಾಡಿದ್ದರು.

"ಟೇಢಾ ಇತ್ತಲ್ಲಾ ಯಾರ್, ನಾನೇ ಸೀದಾ ಮಾಡಿದೆ. ದಿನಾ ನೋಡಿ ನೋಡಿ ತಲೆ ಖರಾಬ್ ಆಗ್ತಿತ್ತು," ಎಂದಳು ಅಕ್ಷತಾ. ಫ್ಲ್ಯಾಟಿನಲ್ಲಿ ನನ್ನ ಜೊತೆಗಿರುವ ಇನ್ನೊಬ್ಬ ಹುಡುಗಿ. ಉಡುಪಿ ಕಡೆಯ ಹೋಟೆಲಿನವರ ಮಗಳು, ಹುಟ್ಟಿ ಬೆಳೆದದ್ದು ದಾದರಿನಲ್ಲಿ.

"ಥ್ಯಾಂಕ್ಸ್," ಎಂದೆ.

ನನ್ನ ಸ್ವಭಾವವೇ ಹಾಗೆ. ಹೇಳಬೇಕಾದದ್ದು ಉದ್ದವಿದ್ದರೆ ಥ್ಯಾಂಕ್ಸ್ ಅಂದು ಮುಗಿಸಿಬಿಡುತ್ತೇನೆ. ನಿಮಗಾದರೆ ಹೇಳಬಹುದು, ಬರೆಯುವಾಗ ಎದುರಿಗೆ ಯಾರೂ ಕೂತು ಮುಖ ನೋಡುವುದಿಲ್ಲ, ಅದೊಂದು ಅನುಕೂಲ.

ವಿಮಾನವನ್ನು ಮಾಡಿದವನು ನನ್ನ ಕಾಕಾ, ಅಪ್ಪನ ತಮ್ಮ. ಆಗ ನಾನು ಶಾಲೆಯಲ್ಲಿದ್ದೆ, ನಾವೆಲ್ಲ ಸಯನ್‌ನ ಒಂದೇ ಮನೆಯಲ್ಲಿದ್ದೆವು. ಧಾರವಾಡದಿಂದ ಬಂದು ಎಷ್ಟೋ ವರ್ಷವಾಗಿದ್ದರೂ ಹೊಸ್ತಿಲ ಒಳಗೆ ಧಾರವಾಡವೇ ಇತ್ತು. ಕಾಕಾ ವಾರವಿಡೀ ಬ್ಯಾಂಕಿನ ನೌಕರ, ಭಾನುವಾರ ಮಾತ್ರ ವಿಮಾನ ಕಾರ್ಖಾನೆಯ ಮಾಲೀಕ. ದಾದರ್ ಮಾರ್ಕೆಟ್ಟಿನಿಂದ ಸೇಬಿನ ಪೆಟ್ಟಿಗೆಯ ಹಲಗೆ ತಂದು, ಬಾಲ್ಕನಿಯ ಗ್ರಿಲ್ಲಿನ ಬಳಿ ತುಳಸಿ ಕುಂಡದ ಪಕ್ಕ ಕೂತು ಕೆತ್ತುತ್ತಿದ್ದ. ಗಾಳಿ ಒಳಮುಖವಾದರೆ ಅವನ ಹೆಂಡತಿ ಕಾಕೂನ ದನಿ ಹೊರಮುಖವಾಗುತ್ತಿತ್ತು: "ಇವತ್ತ ಜ್ವಾಳದ ರೊಟ್ಟಿ ತಿಂತೀರೋ, ಕಟಿಗಿ ಪುಡಿ ರೊಟ್ಟಿ ತಿಂತೀರೋ? ಈಗ ಹೇಳ್ರಿ, ಹಿಟ್ಟ ನಾದಾಕತ್ತೇನಿ!"

ಉಜ್ಜುಗಾಗದ, ಅಂಟು, ವಾರ್ನಿಷ್. ಆ ವಾಸನೆ ಎಲ್ಲಿ ಬಂದರೂ ನನಗೆ ಇವತ್ತು ಭಾನುವಾರ ಅನ್ನಿಸುತ್ತದೆ.

ಮನೆಯ ಇನ್ನೊಬ್ಬ ಸದಸ್ಯ ಅಜ್ಜ. ಎರಡನೇ ಮಹಾಯುದ್ಧದ ಕಾಲದಲ್ಲಿ, ಮೀಸೆ ಸರಿಯಾಗಿ ಬರುವ ಮೊದಲೇ, ಬರ್ಮಾ ಗಡಿಯಲ್ಲಿ ವಿಮಾನದಲ್ಲಿ ಹಾರಿದವನು. ಹಾರಿದ ವಿಮಾನದ ಹೆಸರು ವೆಂಜೆನ್ಸ್, ಅಂದರೆ ಸೇಡು. ತರಕಾರಿಯವನು ಕೊಳೆತ ಟೊಮೆಟೊ ಹಾಕಿದರೂ "ಇರಲಿ, ಅವನೂ ಮಾರಬೇಕಲ್ಲ" ಅನ್ನುತ್ತಿದ್ದ ಅಜ್ಜನಿಗೂ ಆ ಹೆಸರಿಗೂ ಏನು ಸಂಬಂಧವೋ! ಯುದ್ಧದ ಬಗ್ಗೆ ಕೇಳಿದರೆ ಅವನದು ಒಂದೇ ಉತ್ತರ: "ಮಳಿ ಭಾಳ ಇತ್ತು, ಸೊಳ್ಳಿ ಗುಂಗಾಡು ಭಾಳ ಇದ್ವು. ನಮ್ಮ ಸಯನ್ ಹಂಗ."

ಅಜ್ಜನದೊಂದು ವಿಚಿತ್ರ ಅಭ್ಯಾಸ ಇತ್ತು. ಲೋಕಲ್ ಟ್ರೇನಿನಲ್ಲಿ ಕಿಟಕಿ ಸೀಟು ಸಿಗುವುದೇ ಪುಣ್ಯ, ಅದರಲ್ಲೂ ಗಾಳಿ ಮುಖಕ್ಕೆ ಬಡಿಯುವ ಸೀಟಿಗಾಗಿ ಮುಂಬಯಿಯ ಮಂದಿ ಗಾಡಿ ನಿಲ್ಲುವ ಮೊದಲೇ ಹಾರುತ್ತಾರೆ. ಅಜ್ಜ ಆ ಸೀಟು ಖಾಲಿಯಿದ್ದರೂ ಅದರ ಎದುರಿನದರಲ್ಲಿ, ಗಾಡಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಿದ್ದ. "ಹಿಂಗ ಛಲೋ ಅನಸ್ತೈತಿ," ಅನ್ನುತ್ತಿದ್ದ, ಅಷ್ಟೇ.

ಒಂದು ವರ್ಷ ಅಜ್ಜನ ಕಣ್ಣು ಮಂಜಾಗತೊಡಗಿತು. ಕಣ್ಣಿನ ನರವೇ ಸೋತಿದೆ, ಇನ್ನು ಉಳಿದದ್ದೂ ಹೋಗುತ್ತದೆ ಎಂದರು ಡಾಕ್ಟರು. ಕಾಕಾ ಮಾಡುತ್ತಿದ್ದ ಇನ್ನೊಂದು ವಿಮಾನವನ್ನು ಅರ್ಧಕ್ಕೇ ಬಿಟ್ಟು ಹೊಸ ಹಲಗೆ ತಂದ. "ಅಪ್ಪನ ವಿಮಾನ ಮಾಡ್ತೇನಿ," ಎಂದು ನನಗೆ ಮೆಲ್ಲಗೆ ಹೇಳಿದ. "ಅಂವ ಒಮ್ಮೆ ಕೈಯಾಗ ಹಿಡದು, 'ಹೌದೋ, ಇದ' ಅನಬೇಕು ನೋಡು. ಮತ್ತೇನೂ ಬ್ಯಾಡ." ಜೀವನದುದ್ದಕ್ಕೂ ಅಪ್ಪನ ಬಾಯಿಂದ ಒಂದು ಕಥೆಯನ್ನೂ ಕೇಳದ ಮಗನ ಆಸೆ ಅದು.

ಪುಸ್ತಕದ ಚಿತ್ರಗಳನ್ನು ನೋಡಿ ಕಾಕಾ ಎಷ್ಟು ಚೆಂದ ಕೆತ್ತಿದ! ದಪ್ಪ ಮೂಗು, ಉದ್ದನೆಯ ಗಾಜಿನ ಮಾಡು (ಅದು ಮಿಠಾಯಿ ಡಬ್ಬಿಯ ಪ್ಲಾಸ್ಟಿಕ್ಕು), ಮುರಿದು ಜೋಡಿಸಿದಂತೆ ಕಾಣುವ ಬಾಗಿದ ರೆಕ್ಕೆ. ಒಂದು ಭಾನುವಾರ ಊಟವಾದ ಮೇಲೆ ಅದನ್ನು ಅಜ್ಜನ ಕೈಗಿಟ್ಟ.

ಅಜ್ಜನ ಬೆರಳುಗಳು ನಿಧಾನವಾಗಿ ಹರಿದಾಡಿದವು. "ಮೂಗು ಹೌದು. ಗಾಜು ಹೌದು. ರೆಕ್ಕಿ ಬಾಗಿದ್ದೂ ಹೌದು." ಕಾಕಾನ ಮುಖ ಅರಳುತ್ತಿತ್ತು. ಅಜ್ಜ ವಿಮಾನವನ್ನು ಅಂಗೈ ಮೇಲೆ ಕೂರಿಸಿ, ಕೈಯನ್ನು ಗಾಳಿಯಲ್ಲಿ ಸ್ವಲ್ಪ ಓಡಿಸಿದ. ನಿಲ್ಲಿಸಿದ. "ಆದರ ಇದು ಅಲ್ಲೋ, ತಮ್ಮಾ."

"ಯಾಕಪ್ಪಾ? ಚಿತ್ರ ನೋಡೇ ಮಾಡೇನಲ್ಲ!"

"ಇದು ಭಾಳ ಸಂಭಾವಿತ ಐತಿ. ನಮ್ಮದು ಸೊಕ್ಕಿಂದು. ನೆಟ್ಟಗ ಹಾರೂಮುಂದ ಮೂಗು ಮ್ಯಾಲ ಎತ್ತತಿತ್ತು. ಇಳಿಯೂಮುಂದ ಪೈಲಟ್‌ಗ ಮುಂದಿಂದು ಕಾಣಸ್ತಿದ್ದಿಲ್ಲ, ದೇವರ ನೆನಸ್ತಿದ್ದ."

"ಯಾಕ ಹಂಗ ಮಾಡಿದ್ರಜ್ಜಾ ಅದನ್ನ?" ಎಂದೆ ನಾನು.

"ನನಗೇನ ಗೊತ್ತವಾ? ನಾ ಹಿಂದ ಕುಂತಾಂವ."

ಅಡುಗೆಮನೆಯಿಂದ ಕಾಕೂ ಇಣುಕಿದಳು. "ಮಾವಾರು ಇಷ್ಟ ಮಾತಾಡಿದ್ದು ನಮ್ಮ ಮದವಿ ಮಾತುಕತಿ ಒಳಗೂ ಇಲ್ಲ!"

ಕಾಕಾ ಮಾತ್ರ ನಗಲಿಲ್ಲ. ವಿಮಾನ ತೆಗೆದುಕೊಂಡು ಬಾಲ್ಕನಿಗೆ ಹೋದ. ನಾನೂ ಹೋದೆ. ಅವನು ರೆಕ್ಕೆಯ ಬುಡವನ್ನೇ ನೋಡುತ್ತಿದ್ದ. ನೀವು ಯಾವುದೇ ವಿಮಾನವನ್ನು ಪಕ್ಕದಿಂದ ಗಮನಿಸಿದರೆ ಸಾಮಾನ್ಯವಾಗಿ ರೆಕ್ಕೆಯ ಮುಂದಿನ ಅಂಚು ಒಂದಿಷ್ಟೇ ಮೇಲಕ್ಕಿರುತ್ತದೆ. ಮೈ ನೆಟ್ಟಗಿದ್ದರೂ ಗಾಳಿ ರೆಕ್ಕೆಯನ್ನು ಎತ್ತಲಿ ಅಂತ. ಮರದಲ್ಲಿ ಕೆತ್ತುವವರಿಗೆ ಇದು ಕೈಗೆ ಕೂತ ಪಾಠ. ರೆಕ್ಕೆ ಜೋಡಿಸುವಾಗ ಮುಂದಿನ ಅಂಚಿನ ಕೆಳಗೊಂದು ತೆಳ್ಳನೆಯ ಬೆಣೆ ತಾನಾಗಿ ಬಂದು ಕೂರುತ್ತದೆ. ಕಾಕಾನ ಕೈ ಇಲ್ಲೂ ಬೆಣೆ ಕೂರಿಸಿತ್ತು.

"ಬೆಣಿನ ಇರಲಿಲ್ಲೇನು ಹಂಗಾರ?" ಎಂದ. "ಬೆಣಿ ಇಲ್ಲದ ಹಾರೂದು ಹೆಂಗ?"

"ಮೂಗು ಎತ್ತಿ!" ಎಂದೆ. ಇಡೀ ಮೈಯನ್ನೇ ಓರೆ ಮಾಡಿದರೆ ರೆಕ್ಕೆಯೂ ಓರೆಯಾಗುತ್ತದಲ್ಲ. ಆದರೆ ಬುದ್ಧಿಯಿರುವವರು ಯಾಕೆ ಹಾಗೆ ಮಾಡಿದರು? ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ವಿಮಾನ ಬರೆದೆವು, ನೆಟ್ಟಗೆ, ಓರೆಯಾಗಿ. ಕೊನೆಗೆ ಕಾಕಾ ಕಾಗದವನ್ನೇ ತಿರುಗಿಸಿ ಮೂಗು ಕೆಳಗೆ ಮಾಡಿದ.

ನಾನು ಕಿರುಚಿದೆ. ಹೌದು, ನಾನೇ. ಎದುರು ಮನೆಯ ಮರಾಠಿ ಆಜಿ "ಕಾಯ್ ಝಾಲಂ?" ಎಂದು ಓಡಿಬಂದರು. ಅದು ಧುಮುಕಿ ಬಾಂಬು ಹಾಕುವ ವಿಮಾನ! ಆಕಾಶದಿಂದ ನೆಟ್ಟಗೆ ನೆಲಕ್ಕೆ ಬೀಳಬೇಕು. ಬೀಳುವಾಗ ಬೆಣೆಯ ರೆಕ್ಕೆಯಿದ್ದರೆ ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ, ಗುರಿ ಜಾರುತ್ತದೆ. ಬೆಣೆಯಿಲ್ಲದ ರೆಕ್ಕೆ ಗೋಡೆ ಕಟ್ಟುವ ಗೌಂಡಿಯ ತೂಗುಗುಂಡಿನ ದಾರದ ಹಾಗೆ ಸೀದಾ ಇಳಿಯುತ್ತದೆ. ಬೀಳುವುದಕ್ಕಾಗಿಯೇ ಹುಟ್ಟಿದ ವಿಮಾನ ಅದು, ಹಾರುವುದು ಅದಕ್ಕೆ ತೊಂದರೆಯ ಕೆಲಸ.

ಮುಂದೆ ನಾನು ವಿಮಾನಶಾಸ್ತ್ರವನ್ನೇ ಓದಿದೆ, ಆ ಕಿರುಚಾಟ ಮುಗಿಯದ್ದಕ್ಕೇ ಇರಬೇಕು. ಓದುವಾಗ ಇದರ ಜಾತಕವೂ ಸಿಕ್ಕಿತು. ಅಮೆರಿಕದಲ್ಲಿ ಹುಟ್ಟಿದ್ದು, ಬೇಕೆಂದು ಕೇಳಿದ ಫ್ರಾನ್ಸ್ ಅಷ್ಟರಲ್ಲಿ ಸೋತಿತು. ಆಮೇಲೆ ತರಿಸಿಕೊಂಡ ಬ್ರಿಟಿಷರಿಗೆ ಯುರೋಪಿನ ಆಕಾಶದಲ್ಲಿ ಇಂಥ ನಿಧಾನದ ವಿಮಾನದ ಮೇಲೆ ಭರವಸೆ ಉಳಿಯಲಿಲ್ಲ. ಯಾರಿಗೂ ಬೇಡವಾದ ಮದುಮಗಳಂತೆ ಹಡಗು ಹತ್ತಿ ನಮ್ಮ ಕಡೆ ಬಂತು. ಎಂಜಿನ್ನು ಎಣ್ಣೆ ಕುಡಿದು ಮೆಕ್ಯಾನಿಕ್ಕರನ್ನು ಅಳಿಸಿತು. ಆದರೆ ಬರ್ಮಾದ ಕಾಡಿನಲ್ಲಿ, ಮರಗಳಡಿ ಅಡಗಿದ ಜಪಾನಿ ಬಂಕರುಗಳ ಹತ್ತಿರವೇ ನಮ್ಮ ಸೈನಿಕರೂ ಇರುವಾಗ, ಗುರಿ ತಪ್ಪದೆ ನೆಟ್ಟಗೆ ಇಳಿಯುವ ಈ ಸೊಕ್ಕಿನದೇ ಬೇಕಾಯಿತು. ರೆಕ್ಕೆಯಿಂದ ಜಾಲರಿಯಂಥ ತಡೆಗಳನ್ನು ಎಬ್ಬಿಸಿ, ವೇಗವನ್ನು ಹತೋಟಿಯಲ್ಲಿಟ್ಟು ಬೀಳುತ್ತಿತ್ತು. ತಮಾಷೆಯೆಂದರೆ, ಕೊನೆಕೊನೆಗೆ ಬಂದ ಮಾದರಿಗೆ ಕಟ್ಟಿದವರೇ ಬೆಣೆ ಕೂರಿಸಿ ಸಂಭಾವಿತ ಮಾಡಿದರು.

ಭಾನುವಾರಕ್ಕೆ ಮರಳೋಣ. ರೆಕ್ಕೆ ಕೊಯ್ಯಲು ಹೋದರೆ ಸೇಬಿನ ಹಲಗೆ ಸೀಳಿಬಿಟ್ಟಿತು. ಕಾಕಾ ಮತ್ತೆಷ್ಟೋ ಭಾನುವಾರ ಕೂತು ಹೊಸ ರೆಕ್ಕೆ ಕೆತ್ತಿದ. ಅಷ್ಟರಲ್ಲಿ ಅಜ್ಜನಿಗೆ ಕಿಟಕಿಯ ಬೆಳಕು ಮಾತ್ರ ಗೊತ್ತಾಗುತ್ತಿತ್ತು. ಕಾಕಾನ ಆತುರಕ್ಕೆ ವಾರ್ನಿಷ್ ಕೂಡ ಪೂರ್ತಿ ಒಣಗಲಿಲ್ಲ.

ಅಜ್ಜ ಅದನ್ನು ಅಂಗೈ ಮೇಲೆ ಕೂರಿಸಿದ. ಕೈ ಓರೆ ಮಾಡಿದ, ಮೂಗು ಎದ್ದಿತು. "ಫ್ಯಾನ್ ಆರಸ್ರಿ," ಎಂದು ಎದ್ದು ನಿಂತ. ವಿಮಾನವನ್ನು ತಲೆಗಿಂತ ಮೇಲೆತ್ತಿ, ಮೂಗು ಕೆಳಗೆ ಮಾಡಿ, ಎದೆ, ಹೊಟ್ಟೆ, ಮೊಣಕಾಲಿನವರೆಗೆ ಸೊಂಯ್ ಎಂದು ನೆಟ್ಟಗೆ ಇಳಿಸಿ, ಇನ್ನೇನು ನೆಲ ಬಡಿಯಿತು ಅನ್ನುವಾಗ ಮೇಲಕ್ಕೆಳೆದ. ನಾನು ಚಪ್ಪಾಳೆ ತಟ್ಟಿ ಕುಣಿದೆ.

"ಬೀಳೂಮುಂದ ಅಂಜಿಕಿ ಬರ್ತಿದ್ದಿಲ್ಲಜ್ಜಾ?"

"ಬೀಳೂದು ನಾ ನೋಡೇ ಇಲ್ಲವಾ. ನಾ ಬಂದೂಕು ಹಿಡಕೊಂಡು ಹಿಂದಕ ಮಾರಿ ಮಾಡಿ ಕುಂದರತಿದ್ದೆ. ಪೈಲಟ್ ನೆಲಾ ನೋಡ್ತಿದ್ದ, ನಾ ಆಕಾಶ ನೋಡ್ತಿದ್ದೆ. ದೂರ ದೂರ ಹೋಗತಿತ್ತು." ವಿಮಾನವನ್ನು ಇನ್ನೊಮ್ಮೆ ಮೇಲಕ್ಕೆಳೆದು ತೋರಿಸಿದ. "ಮ್ಯಾಲ ಎತ್ತಿದ ಕೂಡ್ಲೆ ಉಲ್ಟಾ ನೋಡು. ಅಂವಗ ಆಕಾಶ, ನನಗ ನೆಲ. ಬಾಂಬ್ ಹಾಕಿದಾಂವ ಅಂವ. ಏನಾತು ಅಂತ ನೋಡಿದಾಂವ ನಾ."

ಕಾಕೂ ಒಲೆ ಆರಿಸಿ ಬಂದು ಬಾಗಿಲಲ್ಲಿ ನಿಂತಿದ್ದಳು. ಅಜ್ಜ ರೆಕ್ಕೆಯ ಬುಡವನ್ನು ಹೆಬ್ಬೆರಳಿನಿಂದ ಒತ್ತಿದ. ಹಸಿ ವಾರ್ನಿಷ್ಷಿನಲ್ಲಿ ಗುರುತು ಮೂಡಿತು.

"ಹೌದೋ ತಮ್ಮಾ," ಎಂದ. "ಇದ."

ಕಾಕಾ ಬಟ್ಟೆಯ ಮೇಲಿನ ಮರದ ಪುಡಿ ಕೊಡವಲು ಬಾಲ್ಕನಿಗೆ ಹೋದ. ಬಹಳ ಹೊತ್ತು ಕೊಡವಿದ.

ಅಜ್ಜ ಈಗಿಲ್ಲ. ಹೆಬ್ಬೆರಳಿನ ಗುರುತು ಇದೆ. ನಿನ್ನೆ ಥ್ಯಾಂಕ್ಸ್ ಅಂದ ಮೇಲೆ ಚಹಾ ಮಾಡಿದೆ, ಕುಡಿದೆ, ಕಪ್ಪು ತೊಳೆದೆ. ನೆಟ್ಟಗೆ ತೂಗುತ್ತಿದ್ದ ವಿಮಾನ ಯಾರದೋ ಮನೆಯದರಂತೆ ಕಾಣುತ್ತಿತ್ತು. ಕುರ್ಚಿ ಎಳೆದು ಹತ್ತಿದೆ, ದಾರ ಬಿಚ್ಚಿದೆ.

"ಅಕ್ಷತಾ, ಫ್ಯಾನ್ ಆರಿಸು. ನನ್ನ ಕಡೆ ಬೆನ್ನು ಮಾಡಿ ಕೂತು ಸೂರು ನೋಡು."

"ಹುಚ್ಚು ಹಿಡಿಯಿತಾ ನಿಂಗೆ?" ಎನ್ನುತ್ತಲೇ ಕೂತಳು. ನಾನು ಕುರ್ಚಿಯ ಮೇಲಿಂದ, ಸದ್ದು ಸಮೇತ, ವಿಮಾನವನ್ನು ಅವಳ ಬೆನ್ನಿನ ಪಕ್ಕ ನೆಲದತ್ತ ಬೀಳಿಸಿ ಎತ್ತಿದೆ. ಅವಳು ನಕ್ಕಳು, ಮತ್ತೊಮ್ಮೆ ಅಂದಳು. ಮತ್ತೊಮ್ಮೆ ಬೀಳಿಸಿ, ಈ ಸಲ ಎಲ್ಲವನ್ನೂ ಹೇಳಿದೆ. ಬೆಣೆ, ಬರ್ಮಾ, ಲೋಕಲ್ ಟ್ರೇನಿನ ಸೀಟು. ಇಷ್ಟು ಉದ್ದ ನಾನು ಯಾರ ಜೊತೆಗೂ ಮಾತಾಡಿರಲಿಲ್ಲ.

"ಅಂದ್ರೆ ಅಜ್ಜ ಎಲ್ಲ ನೋಡಿದ್ರು," ಎಂದಳು ಕೊನೆಗೆ.

"ಹೂಂ."

ಅವಳು ಎದ್ದು ನನ್ನ ಕುರ್ಚಿ ಹಿಡಿದುಕೊಂಡಳು. ನಾನು ಮುಂದಿನ ದಾರವನ್ನು ಎಳೆದು ಗಂಟು ಹಾಕತೊಡಗಿದೆ. ಅವಳು ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದಳು.

"ನಹೀ ನಹೀ," ಎಂದಳು. "ಮೂಗು ಇನ್ನೂ ಸ್ವಲ್ಪ ಮೇಲೆ."