ಬೈ ಸಿಕ್ಕ ದಿನ ನಾನು ಆಡಿದ ಆಟ

1968ನೇ ಇಸವಿ. ದೀಪಾವಳಿ ಕಳೆದು ಒಂದು ವಾರವಾಗಿತ್ತು. ಹೊನ್ನಾವರದಲ್ಲಿ ಓದುತ್ತಿದ್ದ ನಾನು ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್. ತಂಡ ಎಂದರೆ ಎಂತಹ ತಂಡ! ಆರನೆಯವನು ಜ್ವರ ಎಂದು ಮಲಗಿದ್ದರಿಂದ ಕುಮಟೆಯ ಟೂರ್ನಮೆಂಟಿಗೆ ಹೊರಟವರು ಸರಿಯಾಗಿ ಐದೇ ಜನ.

ಅದು ನಾಕೌಟ್. ಸೋತವರು ಅಲ್ಲಿಂದಲೇ ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಬಂದ ತಂಡಗಳು ಏಳು. ಜೋಡಿ ಮಾಡಿದರೆ ಒಂದು ತಂಡ ಉಳಿಯುತ್ತದಲ್ಲ, ಅದಕ್ಕೆ ‘ಬೈ’. ಅಂದರೆ ಮೊದಲ ಸುತ್ತು ಆಡದೆಯೇ ಸೆಮಿಫೈನಲ್. ಚೀಟಿ ಎತ್ತಿದವನು ನಾನು. ಬೈ ಬಂದದ್ದು ನಮಗೇ! ನಾವು ಐವರೂ ಅಲ್ಲೇ ಕುಣಿದೆವು. ಗೋಡೆಗೆ ಹಚ್ಚಿದ ಪಟ್ಟಿಯ ಕೆಳಗೆ ಗತ್ತಿನಿಂದ ಸಹಿಯನ್ನೂ ಹಾಕಿದೆ. ಅದರಲ್ಲಿದ್ದ ನಿಯಮ ಓದಿದ್ದರೆ ತಾನೆ!

ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಹೊಳನಗದ್ದೆಯ ಗಣಪತಿ. ಅವನ ಅಪ್ಪ ಗದ್ದೆ, ತರಕಾರಿ ಮಾಡಿಕೊಂಡಿದ್ದವರು. “ಬುಟ್ಟಿಗೆ ಚೆಂಡ್ ಹಾಕೂಕೆ ಕಾಲೇಜಿಗೆ ಹೋಗ್ಬೇಕಾ?” ಎಂದು ಮೂರು ವರ್ಷ ಬೈದಿದ್ದರು. ಮಾರನೆಯ ದಿನ ಅದೇ ಅಪ್ಪ ಮಗನ ಆಟ ನೋಡಲು ಮೊದಲ ಬಾರಿ ಬರುವವರಿದ್ದರು. ನಮ್ಮದು ಕೊನೆಯ ವರ್ಷ. ಮತ್ತೆ ಇಂಥ ಅವಕಾಶ ಇರಲಿಲ್ಲ.

ಆ ಮಧ್ಯಾಹ್ನ ನಮ್ಮವರು ಊಟಕ್ಕೆ ಹೋಗಿದ್ದರು. ನಾನೊಬ್ಬನೇ ಅಂಗಳದ ಬದಿಯಲ್ಲಿ ನಿಂತಿದ್ದೆ. ನನ್ನ ಹಳೆಯ ಶಾಲಾ ಗೆಳೆಯ, ಭಟ್ಕಳದ ಇಸ್ಮಾಯಿಲ್ ಓಡಿ ಬಂದ. ಅವನು ಬೇರೊಂದು ಕಾಲೇಜಿನ ಕ್ಯಾಪ್ಟನ್. ಅವರ ಐದನೆಯವನಿಗೆ ಶರಾವತಿ ದಾಟುವ ಲಾಂಚ್ ತಪ್ಪಿತ್ತಂತೆ.

“ಐದ್ ಜನ ಇಲ್ದೇ ಆಟ ಶುರು ಮಾಡೂಕೇ ಬಿಡೂದಿಲ್ಲ ಅಂತ್ರು ಮಾರಾಯ. ನೀನೊಬ್ಬ ಬಾರೋ” ಎಂದ.

ನಮ್ಮ ಊರು ಬೆಳಕೆಯಲ್ಲಿ ಹೀಗೇ. ವಾಲಿಬಾಲ್‌ಗೆ ಒಬ್ಬ ಕಮ್ಮಿಯಾದರೆ ಆಚೆ ಊರಿನವನನ್ನು ಕರೆದು ನಿಲ್ಲಿಸುತ್ತೇವೆ. ಯಾರೂ ಕೇಳುವುದಿಲ್ಲ, ಕರೆದಾಗ ಹೋಗದಿದ್ದರೇ ಸೊಕ್ಕು ಅನ್ನುತ್ತಾರೆ. ನಾನೂ ಹಿಂದೆಮುಂದೆ ನೋಡದೆ ಅವರ ನೀಲಿ ಬನಿಯನ್ ತೊಟ್ಟೆ. ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಆಡಿರಲಿಲ್ಲ! ಕೊನೆಯ ನಿಮಿಷದಲ್ಲಿ ನಾನು ಎಸೆದ ಚೆಂಡಿನಿಂದಲೇ ಅವರು ಗೆದ್ದರು.

ಅಷ್ಟರಲ್ಲಿ ಊಟ ಮುಗಿಸಿ ಬಂದಿದ್ದ ಗಣಪತಿ ನನ್ನ ತೋಳು ಹಿಡಿದು ಪಟ್ಟಿಯ ಮುಂದೆ ನಿಲ್ಲಿಸಿದ. “ನಾಳೆ ನಮ್ಮ ಎದ್ರು ಯಾರು ನೋಡು” ಎಂದ. ಮೂರನೇ ಪಂದ್ಯ ಗೆದ್ದವರು ಬೈ ಪಡೆದವರ ಮೇಲೆ ಎಂದು ಬರೆದಿತ್ತು. ನಾನು ಗೆಲ್ಲಿಸಿಕೊಟ್ಟದ್ದು ಮೂರನೇ ಪಂದ್ಯವನ್ನೇ! ಗಣಪತಿ ಮಾತ್ರ ನಕ್ಕುಬಿಟ್ಟ. “ಆತು ಬಿಡು, ನಾಳೆ ಅವ್ರನ್ನ ಸೋಲ್ಸ್ವ.”

ಮಾರನೆಯ ದಿನ ಗಣಪತಿಯ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲೇ ಕೂತರು. ನಾವು ನಮ್ಮ ಕೆಂಪು ಬನಿಯನ್ ತೊಟ್ಟು ಅಂಗಳಕ್ಕೆ ಇಳಿದೆವು. ಹಿಂದಿನ ದಿನ ಸೋತರೂ ಉಳಿದ ಆಟ ನೋಡಲು ನಿಂತಿದ್ದ ತಂಡದ ಕ್ಯಾಪ್ಟನ್ ನನ್ನತ್ತ ಬೆರಳು ಮಾಡಿ, “ಸರ್, ಇವನು ನಿನ್ನೆ ನೀಲಿ ತಂಡದಲ್ಲಿದ್ದ!” ಎಂದು ಕೂಗಿದ.

ಅಂಪೈರ್ ಹತ್ತಿರ ಬಂದು, “ಹೌದೇನೋ?” ಎಂದು ಕೇಳಿದರು.

“ಹೌದು ಸರ್. ಅವ್ರಲ್ಲಿ ಒಬ್ಬ ಕಮ್ಮಿ ಇದ್ದ. ಸಹಾಯಕ್ಕೆ ಹೋಗಿದ್ದೆ” ಎಂದೆ. ಅದು ತಪ್ಪೆಂದು ನನಗೆ ಆಗಲೂ ಹೊಳೆದಿರಲಿಲ್ಲ.

ಅವರು ತಲೆ ಚಚ್ಚಿಕೊಂಡರು. “ಕ್ಯಾಪ್ಟನ್ ಆಗಿ ಇಷ್ಟೂ ಗೊತ್ತಿಲ್ಲವಾ? ಬೇರೆ ಕಾಲೇಜಿನವನನ್ನು ಆಡಿಸಿದ್ದಕ್ಕೆ ಅವರ ಗೆಲುವು ರದ್ದು. ಸೋತಿದ್ದವರೇ ಸೆಮಿಫೈನಲ್‌ಗೆ. ಇನ್ನು ಈ ಟೂರ್ನಮೆಂಟಿನಲ್ಲಿ ನೀನೂ ಆಡುವ ಹಾಗಿಲ್ಲ.”

ನಾನಿಲ್ಲದಿದ್ದರೆ ನಮ್ಮವರು ನಾಲ್ಕೇ ಜನ. ಐದು ಜನ ಇಲ್ಲದೆ ಆಟ ಶುರುವಾಗುವುದಿಲ್ಲ. ಎದುರಾಳಿಗೆ ವಾಕೋವರ್, ಅಂದರೆ ಆಡದೆಯೇ ಗೆಲುವು! ಒಂದೂ ಆಟ ಆಡದೆ ಸೆಮಿಫೈನಲ್‌ಗೆ ಬಂದಿದ್ದ ನಾವು ಒಂದೂ ಆಟ ಆಡದೆ ಹೊರಬಿದ್ದಿದ್ದೆವು. ನಾನು ಅಲ್ಲೇ ಕುಕ್ಕರಿಸಿಬಿಟ್ಟೆ. ಇಸ್ಮಾಯಿಲ್ ದೂರದಲ್ಲಿ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ.

ಗಣಪತಿ ಸೀದಾ ಅಪ್ಪನ ಹತ್ತಿರ ಹೋಗಿ, “ಅಪ್ಪ, ನಮ್ಮ ಆಟ ಇಲ್ಲ” ಎಂದ.

“ಎಂತಕ್ಕೆ? ಅಷ್ಟ್ ದೂರ ನಡ್ಕಂಡ್ ಬಂದೆ. ಒಂದ್ ಸಲ ಆದ್ರೂ ಹಾಕಿ ತೋರ್ಸು” ಎಂದರು ಅವರು.

ಅಂಪೈರೇ ಚೆಂಡು ಕೊಟ್ಟರು. ಗಣಪತಿಯ ಮೊದಲ ಎಸೆತ ರಿಂಗಿಗೆ ಬಡಿದು ಹೊರಬಿತ್ತು. ಎರಡನೆಯದೂ ಹಾಗೇ ಆಯಿತು. ಮೂರನೆಯದು ಬುಟ್ಟಿಯೊಳಗೆ ಬಿತ್ತು. ಅಷ್ಟು ಜನರ ನಡುವೆ ಅವನ ಅಪ್ಪ ಒಬ್ಬರೇ ಜೋರಾಗಿ ಚಪ್ಪಾಳೆ ಹೊಡೆದರು. ಆಮೇಲೆ ನನ್ನ ಕಡೆ ತಿರುಗಿ, “ನೀನೂ ಒಂದ್ ಹಾಕು, ತಮಾ” ಎಂದರು.

ನನಗೆ ಅಳು ತಡೆಯಲಾಗಲಿಲ್ಲ. “ಆಟ ತಪ್ಪಿದ್ದು ನನ್ನಿಂದ್ಲೇ” ಎಂದು ಎಲ್ಲವನ್ನೂ ಹೇಳಿಬಿಟ್ಟೆ.

“ಕೇಳ್ದವ್ರಿಗೆ ಇಲ್ಲ ಅನ್ಲಿಲ್ಲ, ಆತು. ಆದ್ರೆ ನಿನ್ ಸಂಗ್ತಿಗೆ ಬಂದವ್ರ ಹತ್ರ ಒಂದ್ ಮಾತ್ ಕೇಳ್ಬೇಕಾಗಿತ್ತು” ಎಂದು ಹೇಳಿ, ಮಗನನ್ನು ಕರೆದುಕೊಂಡು ಹೊರಟರು.

ಮಗ ಆಡಿದ್ದನ್ನು ಅವರು ನೋಡಿದ್ದು ಆ ಮೂರು ಎಸೆತಗಳನ್ನು ಮಾತ್ರ. ಗಣಪತಿ ಇಂದಿಗೂ ನನ್ನ ಗೆಳೆಯ. ಆ ದಿನದ ಸುದ್ದಿಯನ್ನು ಅವನು ಒಮ್ಮೆಯೂ ಎತ್ತಿಲ್ಲ. ಅಂದೇ ಅವನು ನನ್ನ ಕೆನ್ನೆಗೆ ಎರಡು ಬಾರಿಸಿದ್ದರೆ ನಾನು ಯಾವತ್ತೋ ಮರೆತುಬಿಡುತ್ತಿದ್ದೆನೇನೋ.